ಆರು ಗಂಟೆಯ ವೈಫೈ

ಹಗಲೆಲ್ಲ ಚೆನ್ನಾಗಿಯೇ ಓಡುವ ವೈಫೈ ಸಂಜೆ ಆರಾದರೆ ತೆವಳುತ್ತಿತ್ತು. ಲ್ಯಾಪ್‌ಟಾಪಿನ ಆಟದಲ್ಲಿ ಓಡುತ್ತಿದ್ದ ಪ್ರಣತಿಯ ಸೈನಿಕ ಇದ್ದಕ್ಕಿದ್ದಂತೆ ಕಲ್ಲಾಗಿ ನಿಲ್ಲುತ್ತಿದ್ದ; ಮತ್ತೆ ಕದಲುವಷ್ಟರಲ್ಲಿ ಸತ್ತಿರುತ್ತಿದ್ದ. ಇಂದು ಆರೂಕಾಲಿಗೆ ಫೈನಲ್. "ಇನ್ನೊಂದ್ಸಲ ಮಧ್ಯದಲ್ಲಿ ಕೈಕೊಟ್ರೆ ಟೀಮಲ್ಲಿ ನೀನಿಲ್ಲ," ಎಂದು ನಾಯಕಿ ಹೇಳಿಯಾಗಿತ್ತು.

ಎದುರು ಮನೆಯ ಲಲಿತಾಂಬ ಕೆಲಸದಿಂದ ಮರಳುವುದೂ ಸರಿಯಾಗಿ ಆರಕ್ಕೆ. ಪ್ರಣತಿಯ ಗುಮಾನಿಯೆಲ್ಲ ಅವರ ಮೇಲೆ. ನಿನ್ನೆ ಮಧ್ಯಾಹ್ನವೇ ಮನೆಯ ವೈಫೈ ಪಾಸ್‌ವರ್ಡ್ ಬದಲಿಸಿದ್ದಳು. ಆದರೂ ಆರಕ್ಕೆ ಆಟ ನಿಂತಿತ್ತು.

"ಹೊಸದನ್ನೂ ಹೇಗೋ ಪತ್ತೆ ಮಾಡಿದಾರೆ ನೋಡಮ್ಮ."

"ಇಲ್ಲಿ ಗೊಣಗೋ ಬದಲು ಹೋಗಿ ಕೇಳು. ಆಟ ಶುರುವಾದ್ರೆ ನಾನು ಕೂಗ್ತೀನಿ," ಎಂದರು ಅಮ್ಮ.

ಆರು ದಾಟುತ್ತಲೇ ಪ್ರಣತಿ ಎದುರು ಮನೆಯ ಬಾಗಿಲು ತಟ್ಟಿದಳು.

"ಆಂಟಿ, ಒಂದು ವಿಷಯ ಕೇಳ್ಬೇಕಿತ್ತು. ನಮ್ಮ ವೈಫೈ..."

"ನಿಮ್ಮದೂ ಹಂಗೇನಾ?" ಲಲಿತಾಂಬ ಬಾಗಿಲಿಗೆ ಒರಗಿದರು. "ದಣಿದು ಬಂದು ಸೀರಿಯಲ್ ಹಾಕಿದ್ರೆ ಬರೀ ಚಕ್ರ ತಿರುಗುತ್ತೆ ಕಣಮ್ಮ. ಯಾರೋ ನಮ್ಮ ವೈಫೈಗೆ ಸೇರ್ಕೊಂಡಿದಾರೆ ಅಂದ ರಿಪೇರಿಯವನು."

"ಯಾರಂತೆ?"

"ಯಾರಿಗ್ಗೊತ್ತು. ನೀವು ಈ ಮನೆಗೆ ಬಂದ ಹೊಸದ್ರಲ್ಲಿ, ನಿಮ್ಮ ಕನೆಕ್ಷನ್ ಬರೋವರೆಗೂ ಇರ್ಲಿ ಅಂತ ನಿಂಗೆ ಕೊಟ್ಟಿದ್ನಲ್ಲ, ಅದೇ ಪಾಸ್‌ವರ್ಡ್ ಇತ್ತು. ಈಗ ತಾನೇ ಬದಲಿಸ್ದೆ. ಇನ್ನು ಯಾವನು ಬರ್ತಾನೋ ನೋಡ್ತೀನಿ."

ಬೆನ್ನ ಹಿಂದೆ, ತೆರೆದಿದ್ದ ಬಾಗಿಲಿನಿಂದ ಅಮ್ಮನ ದನಿ ಕೇಳಿತು: "ಪ್ರಣತಿ, ಬೇಗ ಬಾರೇ, ನಿನ್ನ ಲ್ಯಾಪ್‌ಟಾಪ್ ಯಾವುದೋ ಪಾಸ್‌ವರ್ಡ್ ಕೇಳ್ತಿದೆ."