ಟೆಸ್ಸಾಳಿಗೊಂದು ಕಾಲುಚೀಲ

"ಅಂದ್ರೆ ಈಗ ನಾನು ಸೊಸೆ ಪೆಟ್ಟಿಗೆಯಿಂದ ಬಟ್ಟೆ ಕದೀಬೇಕು. ಅದೂ ನಾಳೆ ಕ್ರಿಸ್‌ಮಸ್ ಇಟ್ಕೊಂಡು," ಎಂದ ವರ್ಜಿಲ್.

"ಒಂದೇ ಒಂದು. ಸವೆದುಹೋಗಿರೋದು, ಹೋದ್ರೂ ಅವಳಿಗೆ ಗೊತ್ತಾಗದೇ ಇರೋದು," ಎಂದಳು ಅರ್ಲೀನ್, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. "ಮಗ ಸೊಸೆ ಇಬ್ರೂ ಪೇಟೆಯಿಂದ ಬರೋದ್ರೊಳಗೆ ಹೋಗಿ ಬಾ."

"ಪಾದ್ರಿಗೆ ಗೊತ್ತಾದ್ರೆ?"

"ಪಾದ್ರಿ ನಿನ್ನ ಮುಖ ನೋಡಿ ಎಷ್ಟು ಕಾಲ ಆಯ್ತೋ. ಗುರುತೂ ಹಿಡಿಯಲ್ಲ, ಹೋಗು."

ಹಾರ್ಗಿಸ್ ಕುಟುಂಬದ ಮನೆಯಲ್ಲಿ ಕ್ರಿಸ್‌ಮಸ್ಸಿನ ಮುನ್ನಾದಿನ ಸಂಜೆ, ಚರ್ಚಿಗೆ ಹೊರಡುವ ಮೊದಲೇ, ಬೆಂಕಿಗೂಡಿನ ಮೇಲೆ ಉಡುಗೊರೆ ತುಂಬಿಡುವ ಎಲ್ಲರ ಕಾಲುಚೀಲಗಳೂ ತೂಗಬೇಕು. ಅವರವರ ಹಳೆಯ ಬಟ್ಟೆಯ ತುಂಡುಗಳನ್ನೇ ಕೂಡಿಸಿ ಹೊಲಿದವು. ಅಟ್ಟದ ಮೇಲಿದ್ದವನ್ನು ಈ ಸಲ ಇಲಿ ಕಡಿದುಹಾಕಿತ್ತು. ಅದು ಗೊತ್ತಾಗಿದ್ದು ನಿನ್ನೆ. ಅರ್ಲೀನ್ ಬೆಳಗಿನಿಂದ ಯಂತ್ರ ಬಿಟ್ಟು ಎದ್ದಿರಲಿಲ್ಲ. ಗಂಡನ ಹಳೆಯ ಕೋಟಿನದೊಂದು ಆಗಿತ್ತು, ಮಗ ಕ್ಲಿಂಟನ ಬೇಸ್‌ಬಾಲ್ ಅಂಗಿಯದೊಂದು ಆಗಿತ್ತು. ಆದರೆ ಸೊಸೆ ಟೆಸ್ಸಾಳದ್ದು ಎನ್ನಲು, ಅವಳು ತಂದ ಪೆಟ್ಟಿಗೆ ಬಿಟ್ಟರೆ, ಈ ಮನೆಯಲ್ಲಿ ಒಂದು ಕರವಸ್ತ್ರವೂ ಇರಲಿಲ್ಲ.

ವಸಂತದಲ್ಲಿ ಕ್ಲಿಂಟ್ ಯಾರಿಗೂ ಹೇಳದೆ ಲೂಯಿವಿಲ್‌ನಲ್ಲಿ ಅವಳನ್ನು ರಿಜಿಸ್ಟರ್ ಮದುವೆಯಾಗಿದ್ದ. "ಊರಿಗೆಲ್ಲ ಹೇಳಿ ಮುಗೀತಾ, ಈಗ ನಮ್ಮ ಸರದೀನಾ?" ಎಂದು ಫೋನಿನಲ್ಲಿ ಅರ್ಲೀನ್ ಕೇಳಿದ್ದು ಸೊಸೆಯ ಕಿವಿಗೂ ಬಿದ್ದಿತ್ತು. ಆವತ್ತಿನಿಂದ ಟೆಸ್ಸಾ ಬ್ಯಾಂಕಿನ ಮ್ಯಾನೇಜರನ್ನು ಮಾತಾಡಿಸುವ ಹಾಗೆ "ಮಿಸೆಸ್ ಹಾರ್ಗಿಸ್" ಎನ್ನುತ್ತಿದ್ದಳು. ಅವಳು ಈ ಮನೆಗೆ ಬಂದದ್ದು ಇದೇ ಮೊದಲು. ಪೇಟೆಯಿಂದ ಹೊಸ ಬಟ್ಟೆ ತಂದರಾಯಿತು ಎಂದು ವರ್ಜಿಲ್ ಹೇಳಿ ನೋಡಿದ್ದ. "ಹೊಸ ಬಟ್ಟೆ ನೆಂಟರಿಗೆ," ಎಂದುಬಿಟ್ಟಿದ್ದಳು ಅರ್ಲೀನ್.

ವರ್ಜಿಲ್ ಮಾಳಿಗೆಯಿಂದ ಇಳಿದು ಬಂದಾಗ ಕೈಯಲ್ಲಿ ಮೊಣಕೈ ಹರಿದ, ಬಣ್ಣ ಹೋದ ಚೌಕಳಿ ಶರಟೊಂದಿತ್ತು. "ಅವಳ ಬಟ್ಟೆಗಳ ಅಡಿಯಲ್ಲಿತ್ತು. ಇದಕ್ಕಿಂತ ಹಳೇದು ಅವಳ ಹತ್ರ ಇರೋದು ನಿನ್ನ ಮಗ ಒಬ್ಬನೇ."

ಕತ್ತರಿ ಓಡಿತು. ವರ್ಜಿಲ್ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತ. "ಹೆಬ್ಬೆರಳ ಹತ್ರ ಇಷ್ಟು ಅಗಲವಾ? ಅವಳ ಕಾಲು ನೋಡಿದ್ದೀಯಾ ನೀನು?"

"ಕಾಲಲ್ಲ, ಅಲ್ಲಿ ಕಿತ್ತಳೆ ಕೂರಬೇಕು. ಬಾಯಿ ಮುಚ್ಕೊಂಡು ಇಸ್ತ್ರಿ ಮಾಡು."

ಮೇಲಿನ ಪಟ್ಟಿಯೊಂದು ಬಾಕಿ ಇರುವಾಗ ಹೊರಗೆ ಕಾರು ನಿಂತಿತು. ಕ್ಲಿಂಟ್ ದಡದಡ ಮೆಟ್ಟಿಲು ಹತ್ತಿಹೋದ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗು ಕೇಳಿತು. "ಟೆಸ್ಸಾ, ನನ್ನ ಚೌಕಳಿ ಶರಟೆಲ್ಲಿ? ನಾನೇ ಪೆಟ್ಟಿಗೆಗೆ ಹಾಕಿದ್ನಲ್ಲ!"

ಯಂತ್ರ ನಿಂತಿತು. ಅರ್ಲೀನ್ ಗಂಡನನ್ನು ನೋಡಿದಳು. ಗಂಡ ಇಸ್ತ್ರಿ ಪೆಟ್ಟಿಗೆಯನ್ನು ನೋಡಿದ. ಟೆಸ್ಸಾ ಬಾಗಿಲಲ್ಲಿ ನಿಂತು ಮೇಜಿನ ಮೇಲೆ ಉಳಿದಿದ್ದ ಶರಟಿನ ಒಂಟಿ ತೋಳನ್ನು ನೋಡುತ್ತಿದ್ದಳು.

"ನಾನೇ ತರಿಸಿದ್ದು," ಎಂದಳು ಅರ್ಲೀನ್. ಅವಳ ದನಿ ಇಷ್ಟು ಇಳಿದದ್ದನ್ನು ವರ್ಜಿಲ್ ಕೇಳಿರಲಿಲ್ಲ. "ನಿನ್ನದು ಅನ್ಕೊಂಡೆ. ಎಲ್ಲರ ಜೊತೆ ನಿಂದೂ ಒಂದು ಇರ್ಬೇಕಿತ್ತು, ನಿನ್ನ ಬಟ್ಟೇದೇ. ಕೇಳಿ ತಗೋಬೇಕಿತ್ತು. ಕೇಳೋಕೆ ಬಾಯಿ ಬರ್ಲಿಲ್ಲ."

ಟೆಸ್ಸಾ ಮೆಲ್ಲಗೆ ಬಂದು ಆ ತೋಳನ್ನು ಎತ್ತಿಕೊಂಡಳು. "ಪೂರ್ತಿ ಹೋಯ್ತಾ?"

"ಪೂರ್ತಿ."

ಅವಳು ತಿರುಗಿ ಬಾಗಿಲು ಹಾಕಿ ಅದಕ್ಕೆ ಹಣೆ ಆನಿಸಿದಳು. ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಅರ್ಲೀನ್ ಗಾಬರಿಯಾಗಿ ಎದ್ದಳು. ಈಚೆ ತಿರುಗಿದ ಟೆಸ್ಸಾ ತೋಳಿನ ಬಟ್ಟೆಯನ್ನೇ ಬಾಯಿಗೆ ಒತ್ತಿ ಹಿಡಿದು ನಗುತ್ತಿದ್ದಳು.

"ಎರಡು ಸಲ ದಾನದ ಪೆಟ್ಟಿಗೆಗೆ ಹಾಕಿ ಬಂದೆ. ಎರಡು ಸಲವೂ ಹೋಗಿ ವಾಪಸ್ ತಂದ ನಿಮ್ಮ ಮಗ!" ಅವಳು ಕಣ್ಣೊರೆಸಿಕೊಂಡಳು. "ಅಲ್ಲ, ಗುಂಡಿ ಬಲಗಡೆ ಇತ್ತಲ್ವಾ? ಗಂಡಸ್ರ ಶರಟು ಅಂತ ನೋಡ್ಲಿಲ್ವಾ?"

ಅರ್ಲೀನ್ ಹಣೆ ಚಚ್ಚಿಕೊಂಡಳು. "ಜೀವಮಾನವೆಲ್ಲ ಹೊಲಿದಿದ್ದೀನಿ! ವರ್ಜಿಲ್, ನೀನಾದ್ರೂ ನೋಡಬಾರ್ದಾ?"

"ನನ್ನನ್ನ ಕದಿಯೋಕೆ ಕಳಿಸಿದ್ದು ನೀನು. ಅಳತೆ ತಗೊಳ್ಳೋಕಲ್ಲ."

"ಬಿಚ್ಚಿಬಿಡ್ತೀನಿ," ಎಂದಳು ಅರ್ಲೀನ್. "ನಿನ್ನದೇನಾದ್ರೂ ಕೊಟ್ರೆ..."

"ಬಿಚ್ಚೋದಾ? ಬೇಡವೇ ಬೇಡ. ಸೂಜಿ ಕೊಡಿ ಅರ್ಲೀನ್, ಹೊತ್ತಾಗ್ತಿದೆ. ಮೇಲಿನ ಪಟ್ಟಿ ನಾನು ಹಾಕ್ತೀನಿ."

"ಮಿಸೆಸ್ ಹಾರ್ಗಿಸ್" ಎಂಬ ಕರೆ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಟೆಸ್ಸಾ ಸ್ಟೂಲು ಎಳೆದುಕೊಂಡು ಕುಳಿತಳು. ಅರ್ಲೀನ್ ಬಗ್ಗಿ ನೋಡಿದಳು. "ಇದೇನು, ಕೋಳಿ ಕೆದಕಿದ ಹಾಗಿದೆ."

"ಕೋಳಿಯಾದ್ರೂ ಹೊತ್ತಿಗೆ ಸರಿಯಾಗಿ ಮುಗಿಸುತ್ತೆ."

ವರ್ಜಿಲ್ ಕಾದ. ಬೇರೆಯವರು ಹಾಕಿದ ಹೊಲಿಗೆಯನ್ನು ಬಿಚ್ಚಿ ಹಾಕದೆ ಬಿಟ್ಟವಳಲ್ಲ ಅವನ ಹೆಂಡತಿ. ಅರ್ಲೀನ್ ಇನ್ನೊಂದು ಸೂಜಿಗೆ ದಾರ ಪೋಣಿಸಿ, ಪಟ್ಟಿಯ ಆ ಕೊನೆಯಿಂದ ತಾನೂ ಹೊಲಿಯುತ್ತ ಬಂದಳು.

"ಟೆಸ್ಸಾ! ಸಿಕ್ತಾ?" ಮೇಲಿನಿಂದ ಮತ್ತೆ ಕೂಗು.

"ಮನೇಲೇ ಬಿಟ್ಟು ಬಂದಿರ್ತೀಯ, ನಿನ್ನ ಮರೆವಿಗೆ!" ಎಂದು ಟೆಸ್ಸಾ ಸೂಜಿಯಿಂದ ಕಣ್ಣು ತೆಗೆಯದೆ ಕೂಗಿ ಹೇಳಿದಳು.

ಚರ್ಚಿಗೆ ಹೊರಡುವ ಹೊತ್ತಿಗೆ ಕಾಲುಚೀಲಗಳೆಲ್ಲ ಸಾಲಾಗಿ ತೂಗುತ್ತಿದ್ದವು. ಕ್ಲಿಂಟ್ ಅಪ್ಪನ ಸ್ವೆಟರ್ ಹಾಕಿಕೊಂಡು ಬಂದು ಬೆಂಕಿಯ ಮುಂದೆ ಕೈ ಕಾಯಿಸುತ್ತ ನಿಂತ. ಅವನ ಕಣ್ಣು ಕೊನೆಯ ಕಾಲುಚೀಲದ ಮೇಲೆ ನಿಂತಿತು. ಅರ್ಲೀನ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಇದ್ದಳು. ಟೆಸ್ಸಾ ಕೈಯಲ್ಲೇ ಇದ್ದ ಕೈಗವಸು ಹುಡುಕತೊಡಗಿದಳು. ವರ್ಜಿಲ್‌ಗೆ ಕೆಮ್ಮು ಬಂತು.

ಕ್ಲಿಂಟ್ ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದ.

"ತುಂಬಾ ಚೆನ್ನಾಗಿದೆ ಅಮ್ಮಾ," ಎಂದ. "ಥೇಟ್ ಇಂಥದ್ದೇ ಒಂದು ಶರಟು ನನ್ನ ಹತ್ರನೂ ಇದೆ."