ಒಂದೇ ಜೊತೆ ಕೈಗವಸು

"ಮಾರ್ಚ್ ಮುಗೀತು, ಏಪ್ರಿಲ್ ಬರಲಿ" ಎಂದ ಮ್ಯಾನೇಜರ್. ಮಾರ್ಚ್ ತಿಂಗಳಾಗಿ ನಿಂತಿದ್ದ ಕೆಲಸಗಾರ ಹೆಲ್ಮೆಟ್ ತೆಗೆದು, ಕೈಗವಸು ಕಳಚಿ, ಸಾಲಿನಲ್ಲಿ ಮುಂದಿನವನಿಗೆ ಕೊಟ್ಟು, ಬರಿಗೈಯಲ್ಲಿ ತಗಡು ಕತ್ತರಿಸುವ ಯಂತ್ರದ ಕಡೆಗೆ ಹೊರಟ.

ಫೋಟೋ ತೆಗೆಯಲು ಬಂದಿದ್ದ ಅವಳು ಕ್ಯಾಮೆರಾದಿಂದ ಕಣ್ಣು ತೆಗೆದಳು. ಕಾರ್ಖಾನೆಯ ಸುರಕ್ಷತಾ ಕ್ಯಾಲೆಂಡರಿಗೆ ತಿಂಗಳಿಗೊಬ್ಬರಂತೆ ಹನ್ನೆರಡು ಜನ ಕೆಲಸಗಾರರ ಫೋಟೋ ಬೇಕಿತ್ತು. ಇದ್ದದ್ದು ಹೆಲ್ಮೆಟ್ ಒಂದು, ಕೈಗವಸು ಒಂದು ಜೊತೆ.

"ಸಾರ್, ಅವರು ಗ್ಲೌಸ್ ಹಾಕ್ಕೊಂಡೇ ಕೆಲಸ ಮಾಡಬಹುದಲ್ವಾ?"

"ಮೆಷಿನ್ನಿಗೆ ಕಣ್ಣಿಲ್ಲ ಮೇಡಂ. ಕಣ್ಣಿರೋದು ನಿಮ್ಮ ಕ್ಯಾಮೆರಾಕ್ಕೆ. ಅದಕ್ಕೆ ಕಂಡ್ರೆ ಸಾಕು."

"ಬೇಗ ತೆಗೀರಿ ಅಕ್ಕ, ಗ್ಲೌಸಿನ ರುಚಿ ಹತ್ತಿಬಿಟ್ರೆ ಕಷ್ಟ" ಎಂದು ಸಾಲಿನಿಂದ ಯಾರೋ ಹೇಳಿದ. ಉಳಿದವರು ನಕ್ಕರು. ಅವಳಿಗೆ ನಗು ಬರಲಿಲ್ಲ. ಏಳು ವರ್ಷ ಸೋದರಮಾವನ ಸ್ಟುಡಿಯೋದಲ್ಲಿ ಜನರ ಗಲ್ಲ ಇಳಿಸಿ, ಕಿವಿ ಕಾಣುವಂತೆ ಕೂರಿಸಿ ಪಾಸ್‌ಪೋರ್ಟ್ ಫೋಟೋ ತೆಗೆದವಳು ಅವಳು. ಬಿಟ್ಟು ಹೊರಟ ದಿನ ಮಾವ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ಚುಚ್ಚಿದ್ದ. ಇದು ಅವಳ ಸ್ವಂತ ಹೆಸರಿನ ಮೊದಲ ಕೆಲಸ. ಹಿಡಿಸಿದರೆ ಕಂಪನಿಯ ಇಡೀ ವರ್ಷದ ಕಾಂಟ್ರಾಕ್ಟ್ ಅವಳದೇ. ಹಲ್ಲು ಕಚ್ಚಿಕೊಂಡು ಏಪ್ರಿಲ್ ತೆಗೆದಳು, ಮೇ ತೆಗೆದಳು. ಒಬ್ಬನ ಬೆವರಿಗೆ ಒದ್ದೆಯಾದ ಕೈಗವಸು ಇನ್ನೊಬ್ಬನ ಕೈಗೆ ಏರುತ್ತಲೇ ಇತ್ತು.

ಡಿಸೆಂಬರ್, ಸಾಲಿನ ಕೊನೆಯಲ್ಲಿದ್ದ ಹಿರಿಯರೊಬ್ಬರ ಪಾಲಿಗೆ ಬಂತು. ಅವರು ಬಲಗೈಗೆ ಹಾಕಿಕೊಂಡ ಕೈಗವಸಿನ ತೋರುಬೆರಳು, ನಡುಬೆರಳು ಎರಡೂ ಜೋತುಬಿದ್ದವು. ಒಳಗೆ ಬೆರಳುಗಳಿರಲಿಲ್ಲ. ಮ್ಯಾನೇಜರ್ ಹಳೆಯ ಪೇಪರ್ ಹರಿದು, ಗಟ್ಟಿಯಾಗಿ ಸುತ್ತಿ, ಆ ಎರಡರೊಳಗೂ ತಾನೇ ತುರುಕಿದ. "ಈಗ ನೋಡಿ, ಹತ್ತೂ ಇವೆ."

"ಇದನ್ನ ನಾನು ತೆಗೆಯಲ್ಲ" ಎಂದಳು ಅವಳು.

"ಹನ್ನೊಂದು ತಿಂಗಳಿಗೇ ಮುಗಿಯೋ ವರ್ಷ ಎಲ್ಲಾದ್ರೂ ಉಂಟಾ ಮೇಡಂ? ಫೋಟೋ ತೆಗೆಯೋರು ಬೀದಿಗೆ ಹತ್ತು ಜನ ಸಿಗ್ತಾರೆ."

"ತೆಗಿಯಮ್ಮ" ಎಂದರು ಹಿರಿಯರು ಮೆಲ್ಲಗೆ. "ನನ್ನ ಬೆರಳಿಗೋಸ್ಕರ ನಿನ್ನ ಅನ್ನಕ್ಕೆ ಯಾಕೆ ಕಲ್ಲು ಹಾಕ್ಕೋತೀಯ?"

ಅವಳು ಕ್ಯಾಮೆರಾ ಎತ್ತಿದಳು. ಮ್ಯಾನೇಜರ್ ಅವಳ ಬೆನ್ನ ಹಿಂದೆ ಬಂದು ನಿಂತ. "ಹೆಬ್ಬೆರಳು ಎತ್ತು. ಮಿಕ್ಕಿದ್ದು ಮಡಿಸು. ಸ್ವಲ್ಪ ನಗು."

ಹಿರಿಯರು ಕೈ ಮುಂದೆ ಚಾಚಿ ಹೆಬ್ಬೆರಳು ಎತ್ತಿದರು. ಪೇಪರ್ ತುಂಬಿದ ಬೆರಳುಗಳೆರಡು ಮಡಿಯದೆ, ನೇರವಾಗಿ ಮ್ಯಾನೇಜರನ ಕಡೆಗೆ ಚಾಚಿಕೊಂಡು ನಿಂತವು. ಅವಳು ಗುಂಡಿ ಒತ್ತಿದಳು.

"ಅದನ್ನ ಅಳಿಸಿ, ಇನ್ನೊಂದು ತೆಗೀರಿ."

"ಇದು ನನ್ನ ಹತ್ರ ಇರಲಿ ಸಾರ್. ಕಾಂಟ್ರಾಕ್ಟ್ ನಿಮ್ಮ ಹತ್ರಾನೇ ಇರಲಿ" ಎಂದು ಅವಳು ಲೆನ್ಸಿಗೆ ಮುಚ್ಚಳ ಹಾಕಿದಳು.

ಸಾಲಿನಲ್ಲಿ ಯಾರೂ ನಗಲಿಲ್ಲ. ಮ್ಯಾನೇಜರ್ ಅವಳ ಮೇಲಿನ ಸಿಟ್ಟನ್ನೆಲ್ಲ ಹಿರಿಯರ ಕಡೆಗೆ ತಿರುಗಿಸಿದ. "ಬೆರಳು ಮಡಿಸೋಕೆ ಏನು ಧಾಡಿ ನಿನಗೆ?"

ಹಿರಿಯರು ಇನ್ನೂ ಚಾಚಿಯೇ ಇದ್ದ ತಮ್ಮ ಕೈಯನ್ನು ಒಮ್ಮೆ ನೋಡಿದರು.

"ನನ್ನವೆರಡೂ ಮಡಿಸಿದೀನಿ ಸಾರ್. ಅವೆರಡು ಕಂಪನಿಯವು."