ಸುರುಳಿ ಗಿಡದ ಮೊಗ್ಗು

ನರ್ಸರಿಯ ಚೌಡಪ್ಪನನ್ನು ಮಗನ ಕೈಲಿ ಫೋನ್ ಮಾಡಿಸಿ ಕರೆಸಿದ್ದು ಹಾಸಿಗೆ ಹಿಡಿದಿದ್ದ ಮುದುಕಿ. ಅವಳ ಕಿಟಕಿಯ ಹೊರಗೆ ಸುರುಳಿ ಹೂವಿನ ಗಿಡ ಎದೆಯೆತ್ತರ ಬೆಳೆದು ನಿಂತಿತ್ತು. ಮೂರು ವರ್ಷದಿಂದ ಬರೀ ಎಲೆ, ಒಂದು ಹೂವಿಲ್ಲ.

"ಗೊಬ್ಬರ ಜಾಸ್ತಿ ಹಾಕ್ತೀರೇನಮ್ಮಾ?" ಎಂದು ಅವನು ಮುದುಕಿಯ ಸೊಸೆಯನ್ನು ಕೇಳಿದ.

"ಇಲ್ಲ. ಅಕ್ಕಿ ತೊಳೆದ ನೀರು ಅಷ್ಟೇ."

ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಕಾಫಿ ತರುತ್ತೇನೆಂದು ಒಳಗೆ ಹೋದಳು.

ಚೌಡಪ್ಪ ಮಣ್ಣು ಕೆದಕಿ ನೋಡಿದ. ಹದವಾಗಿತ್ತು. ಬಿಸಿಲೂ ಸಾಕಷ್ಟು ಬೀಳುತ್ತಿತ್ತು. ಒಂದು ದಂಟು ಬಗ್ಗಿಸಿ ತುದಿ ನೋಡಿದವನು ಇನ್ನೊಂದನ್ನೂ ಬಗ್ಗಿಸಿದ. ಎಲ್ಲದರ ತುದಿಯಲ್ಲೂ ಉಗುರಿನಿಂದ ಚಿವುಟಿದ ಗುರುತು. ಒಂದೆರಡು ಗಾಯ ಇನ್ನೂ ಹಸಿಯಾಗಿದ್ದವು. ಕೈಯೊರೆಸಿಕೊಂಡು ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದ.

"ಅಮ್ಮಾ, ಗಿಡಕ್ಕೆ ಯಾವ ರೋಗವೂ ಇಲ್ಲ. ಯಾರೋ ಬೇಕಂತಲೇ ಮೊಗ್ಗು ಚಿವುಟಿ ಹಾಕ್ತಿದಾರೆ."

"ಗೊತ್ತು. ನನ್ನ ಸೊಸೆ. ದಿನಾ ಬೆಳಿಗ್ಗೆ ಇಲ್ಲೇ ಮಲಗಿ ನೋಡ್ತೀನಿ."

ಮುದುಕಿಯ ಮುಖದಲ್ಲಿ ಸಿಟ್ಟೂ ಕಾಣಲಿಲ್ಲ, ದುಃಖವೂ ಕಾಣಲಿಲ್ಲ. ಚೌಡಪ್ಪನಿಗೇ ಕಸಿವಿಸಿಯಾಯಿತು.

"ನಿಮ್ಮ ಮೇಲೆ ಅಷ್ಟು ಹಗೆಯೇನಮ್ಮಾ ಅವರಿಗೆ? ಎಲ್ಲಾ ಗೊತ್ತಿದ್ದೂ ನನ್ನನ್ನ ಯಾಕೆ ಕರೆಸಿದ್ರಿ?"

"ನನ್ನ ಮಾತು ಕೇಳಲ್ಲ ಅವಳು. ಇನ್ನು ಚಿವುಟಬೇಡಮ್ಮ ಅಂತ ನೀನಾದ್ರೂ ಹೇಳಪ್ಪ, ನನಗೆ ಸಾಕಾಗಿದೆ. ಈ ಗಿಡ ಹೂ ಬಿಟ್ಟ ದಿನ ನಾನು ಹೋಗ್ತೀನಿ ಅಂತ ಒಂದ್ಸಲ ಬಾಯ್ತಪ್ಪಿ ಅವಳ ಮುಂದೆ ಅಂದುಬಿಟ್ಟಿದ್ದೆ."